ಆಟವಿಲ್ಲದ ವರ್ಷದ ರಾಣಿ

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ವರ್ಲೀನ್ ಹ್ಯಾಡ್ಲಿಯ ಹತ್ತಿರ ನೋಡಿಕೊಂಡು ಮಾತಾಡಬೇಕೆಂದು ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳು ಓಡಿಸುತ್ತಿದ್ದ ಶಾಲೆಯ ಬಸ್ಸಿನ ಮಕ್ಕಳಿಗೂ ಗೊತ್ತಿತ್ತು. ಉಳಿದ ತಿಂಗಳುಗಳಲ್ಲಿ ಹಿಂದಿನ ಸೀಟಿನ ಗಲಾಟೆಯನ್ನು ಕನ್ನಡಿಯಲ್ಲಿ ಒಮ್ಮೆ ನೋಡಿ ಸುಮ್ಮನಾಗುತ್ತಿದ್ದ ಹೆಂಗಸು, ಕ್ರೀಡಾಂಗಣದ ಬೇಲಿಗೆ ಕಿತ್ತಳೆ ಬಣ್ಣದ ಬಟ್ಟೆ ಕಟ್ಟಲು ಶುರುವಾದ ದಿನದಿಂದ ಬ್ರೇಕನ್ನೂ ಸಿಟ್ಟಿನಿಂದಲೇ ಒತ್ತುತ್ತಿದ್ದಳು.

ಕ್ಯಾರೋ ಬೇ ಅಲಬಾಮಾದ ದಕ್ಷಿಣ ತುದಿಯಲ್ಲಿ, ಕೊಲ್ಲಿಯ ನೀರಿಗೆ ಅಂಟಿಕೊಂಡ ಊರು. ಸೀಗಡಿ ದೋಣಿಗಳು, ಸತ್ಸುಮಾ ತೋಟಗಳು, ವರ್ಷಕ್ಕೊಂದು ಫುಟ್‌ಬಾಲ್ ಪಂದ್ಯ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್. ಹೇಳಿಕೊಳ್ಳಲು ನಮಗಿರುವುದು ಇಷ್ಟೇ. ಸತ್ಸುಮಾ ಎಂದರೆ ಉಗುರು ತಾಗಿಸಿದರೆ ಸಿಪ್ಪೆ ಬಿಟ್ಟುಕೊಡುವ, ಬೀಜವಿಲ್ಲದ ಕಿತ್ತಳೆ. ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ, ತೋಟದ ಮಾಲೀಕರೆಲ್ಲ ಸೇರಿ ಒಂದು ಸಮಿತಿ ಕಟ್ಟಿ, ಹಣ್ಣಿನ ಹೆಸರಿನಲ್ಲಿ ಸತ್ಸುಮಾ ಬೌಲ್ ಶುರು ಮಾಡಿದರು. ಕಾಲೇಜುಗಳ ಋತು ಮುಗಿದ ಮೇಲೆ ನಮ್ಮ ಕಡೆಯ ಒಂದು ತಂಡವನ್ನೂ ಹೊರಗಿನ ಒಂದು ತಂಡವನ್ನೂ ಕರೆಸಿ ಆಡಿಸುವುದು. ಹಿಂದಿನ ದಿನ ಹೂವಿನ ರಥಗಳ ಮೆರವಣಿಗೆ, ಕೋರ್ಟಿನ ಮೆಟ್ಟಿಲ ಮೇಲೆ ಆ ವರ್ಷದ ರಾಣಿಗೆ ಕಿರೀಟ. ಪಂದ್ಯ ಮುಗಿದಾಗ ರಾಣಿ ಗೆದ್ದ ತಂಡದ ನಾಯಕನ ಕೈಗೆ ಒಂದು ಮರದ ಬೋಗುಣಿ ತುಂಬ ಸತ್ಸುಮಾ ಕೊಡುತ್ತಾಳೆ. ಬೆವರು, ಮಣ್ಣು ಮೆತ್ತಿದ ಆ ಹುಡುಗ ಹಣ್ಣುಗಳನ್ನು ಜನರ ನಡುವೆ ಎಸೆಯುತ್ತಾನೆ. ಕೈಗೆ ಸಿಕ್ಕ ಹಣ್ಣನ್ನು ಅಲ್ಲೇ ಸುಲಿದು ತಿನ್ನಬೇಕು, ಮನೆಗೆ ಒಯ್ಯುವಂತಿಲ್ಲ. ಸೋತವರೂ ಗೆದ್ದವರೂ ಬೆರಳು ಮೂಸಿಕೊಳ್ಳುತ್ತ ಒಂದೇ ಬಾಗಿಲಿನಿಂದ ಹೊರಗೆ ಹೋಗುತ್ತಾರೆ.

ಆ ಬಾಗಿಲ ಪಕ್ಕದಲ್ಲಿ ತಗಡಿನ ದೊಡ್ಡ ಬೋರ್ಡಿದೆ. ವರ್ಷ, ಗೆದ್ದವರು, ರಾಣಿಯ ಹೆಸರು. 1957ರ ಸಾಲಿನಲ್ಲಿ ಮಾತ್ರ ಒಂದೇ ಮಾತು: ಹವಾಮಾನದ ಕಾರಣ ಪಂದ್ಯವಿಲ್ಲ.

ವರ್ಲೀನ್ ಆ ವರ್ಷದ ರಾಣಿ.

ಅಂದಿನ ಕಾಲದಲ್ಲಿ ರಾಣಿಯಾಗಲು ಚೆಲುವಿಗಿಂತ ಗಂಟಲು ಮುಖ್ಯವಾಗಿತ್ತು. ಪಂದ್ಯದ ಟಿಕೆಟನ್ನು ಯಾವ ಹುಡುಗಿ ಹೆಚ್ಚು ಮಾರುತ್ತಾಳೋ ಅವಳಿಗೆ ಕಿರೀಟ. ತೋಟದ ಮಾಲೀಕರ ಹೆಣ್ಣುಮಕ್ಕಳಿಗೆ ಅಪ್ಪನ ಸ್ನೇಹಿತರಿದ್ದರು. ವರ್ಲೀನಳ ಅಪ್ಪ ಐಸ್ ಗಾಡಿ ಓಡಿಸುವವನು. ಅವಳು ಆ ಗಾಡಿಯ ಹಿಂದೆ, ಮಂಜುಗಡ್ಡೆಯ ಮೇಲೆ ಗೋಣಿ ಹಾಸಿಕೊಂಡು ಕೂತು, ದೋಣಿಕಟ್ಟೆಯಿಂದ ದೋಣಿಕಟ್ಟೆಗೆ ಹೋಗಿ ಸೀಗಡಿ ಹಿಡಿಯುವವರಿಗೆ, ಬಲೆ ಹೊಲಿಯುವವರಿಗೆ, ಫುಟ್‌ಬಾಲನ್ನು ಜನ್ಮದಲ್ಲಿ ನೋಡದ ಮುದುಕರಿಗೆ ಟಿಕೆಟ್ ಮಾರಿದಳು. ಗೆದ್ದ ಸುದ್ದಿ ಬಂದ ದಿನ ಅವಳ ಅಪ್ಪ ಗಾಡಿಯ ಗಂಟೆಯನ್ನು ಊರ ತುಂಬ ಬಾರಿಸಿಕೊಂಡು ಹೋದ.

ಶುಕ್ರವಾರ ಮೆರವಣಿಗೆ ನಡೆಯಿತು. ಕಿರೀಟವೂ ಆಯಿತು. ಶನಿವಾರ ಬೆಳಿಗ್ಗೆ ಬಿಳಿಯ ಗೌನು ಹಾಕಿಕೊಂಡು, ಪಕ್ಕದಲ್ಲಿ ಹಣ್ಣಿನ ಬೋಗುಣಿ ಇಟ್ಟುಕೊಂಡು ಅವಳು ಗ್ಯಾಲರಿಯ ಎದುರು ಸಾಲಿನಲ್ಲಿ ಕೂತಳು. ಜನ ತುಂಬಿದರು. ಒಂದೇ ತಂಡ ಮೈದಾನಕ್ಕೆ ಇಳಿಯಿತು, ಸ್ವಲ್ಪ ಓಡಾಡಿತು, ಒಳಗೆ ಹೋಯಿತು. ಆಮೇಲೆ ಸಮಿತಿಯ ಅಧ್ಯಕ್ಷರಾಗಿದ್ದ ಹಿರಿಯ ಕಾಲ್ಕಿಟ್ ಧ್ವನಿವರ್ಧಕದಲ್ಲಿ, ಹವಾಮಾನ ಸರಿಯಿಲ್ಲದ ಕಾರಣ ಪಂದ್ಯ ನಡೆಯುವುದಿಲ್ಲ ಎಂದರು. ಹೇಳಿ, ತಲೆಯೆತ್ತಿ ಆಕಾಶವನ್ನು ಒಮ್ಮೆ ನೋಡಿ, ಕಾರು ಹತ್ತಿದರು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಜನ ಸ್ವಲ್ಪ ಹೊತ್ತು ಗುಸುಗುಸು ಮಾಡಿ, ತಂದಿದ್ದ ಕೋಳಿಯನ್ನು ಅಲ್ಲೇ ಕೂತು ತಿಂದು ಮನೆಗೆ ಹೋದರು. ವರ್ಲೀನ್ ಮಾತ್ರ ಯಾರಾದರೂ ಬಂದು ಏನಾದರೂ ಹೇಳುತ್ತಾರೆಂದು ಮಧ್ಯಾಹ್ನ ಇಳಿಯುವ ತನಕ ಕೂತಿದ್ದಳು. ತೆರೆದ ಭುಜಗಳು ಬಿಸಿಲಿಗೆ ಕೆಂಪಾಗಿ, ಕ್ರಿಸ್‌ಮಸ್ ಕಳೆದ ಮೇಲೂ ಸಿಪ್ಪೆ ಏಳುತ್ತಿದ್ದವು. ಅವಳ ಹತ್ತಿರ ಟಿಕೆಟ್ ಕೊಂಡಿದ್ದವರು ದುಡ್ಡು ವಾಪಸ್ ಕೇಳಲು ಸಮಿತಿಯ ಬಾಗಿಲಿಗೆ ಹೋಗಲಿಲ್ಲ, ಅವಳ ಮನೆಯ ಬಾಗಿಲಿಗೆ ಬಂದರು. ಬೋಗುಣಿಯ ಹಣ್ಣು ಯಾರಿಗೂ ಬೇಡವಾಗಿ ಅಡುಗೆಮನೆಯಲ್ಲಿ ಕೊಳೆತುಹೋಯಿತು. ಅಂದಿನಿಂದ ಅವಳು ಸತ್ಸುಮಾ ತಿಂದದ್ದನ್ನು ನಾವು ನೋಡಿಲ್ಲ.

ನಿಜವಾದ ಕಾರಣ ಏನೆಂದು ಊರಿನ ಬಿಳಿಯರ ಅಡುಗೆಮನೆಗಳಲ್ಲಿ ಮೆಲ್ಲಗೆ ಓಡಾಡುತ್ತಿತ್ತು. ಉತ್ತರದ ಆ ಕಾಲೇಜಿನ ತಂಡದಲ್ಲಿ ಇಬ್ಬರು ಕಪ್ಪು ಹುಡುಗರಿದ್ದರು. ಅವರನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದು ನಮ್ಮ ಸಮಿತಿ ಹೇಳಿ ಕಳಿಸಿತ್ತು. ತಂಡದ ಹುಡುಗರೆಲ್ಲ ಕೂತು ಕೈಯೆತ್ತಿ ತೀರ್ಮಾನ ಮಾಡಿದರಂತೆ: ಅವರಿಬ್ಬರಿಲ್ಲದೆ ಯಾರೂ ಹೋಗುವುದಿಲ್ಲ. ಅದು ಬುಧವಾರವೇ ಸಮಿತಿಗೆ ತಿಳಿದಿತ್ತು. ಆದರೆ ರಥಗಳಿಗೆ ಹೂ ಕಟ್ಟಿ ಆಗಿತ್ತು, ಬ್ಯಾಂಡಿನವರು ಬಂದಾಗಿತ್ತು. ಆಟವಿಲ್ಲದ ಆಟಕ್ಕೆ ಮೆರವಣಿಗೆ ಮಾಡಿದ ಊರು ನಮ್ಮದು.

ವರ್ಲೀನ್ ಕೂಡ ಇದನ್ನು ಕೇಳಿದ್ದಳು. ಕೇಳಿ, ಕಾಲ್ಕಿಟ್‌ರ ಮೇಲೆ ಬರಬೇಕಾಗಿದ್ದ ಸಿಟ್ಟನ್ನು ಮುಖ ನೋಡದ ಆ ಇಬ್ಬರು ಹುಡುಗರ ಮೇಲೆ ಇಟ್ಟುಕೊಂಡಿದ್ದಳು.

ಹತ್ತು ವರ್ಷಕ್ಕೊಮ್ಮೆ ಪಂದ್ಯದ ಹಾಫ್‌ಟೈಂನಲ್ಲಿ ಹಳೆಯ ರಾಣಿಯರನ್ನೆಲ್ಲ ಮೈದಾನಕ್ಕೆ ಕರೆಯುತ್ತಾರೆ. ತಮ್ಮ ವರ್ಷ ಬರೆದ ಪಟ್ಟಿಯನ್ನು ಎದೆಗೆ ಅಡ್ಡಲಾಗಿ ಹಾಕಿಕೊಂಡು, ಹೆಸರು ಕೂಗಿದಂತೆ ಒಬ್ಬೊಬ್ಬರೇ ನಡೆದು ಮೈದಾನದ ನಡುವೆ ನಿಲ್ಲುತ್ತಾರೆ. ವರ್ಲೀನಳನ್ನು ಕರೆಯುತ್ತಿರಲಿಲ್ಲ. ಅವಳು ಫೋನ್ ಮಾಡಿದಾಗಲೆಲ್ಲ ಸಮಿತಿಯ ಉತ್ತರ ಒಂದೇ: ಪಂದ್ಯವಿಲ್ಲ ಅಂದಮೇಲೆ ರಾಣಿಯೂ ಇಲ್ಲ.

ಅವಳ ದೊಡ್ಡಪ್ಪನ ಮಗಳು ಜೋ ನೆಲ್ 1956ರ ರಾಣಿ. ಒಂದು ಸಲವೂ ತಪ್ಪಿಸಿದವಳಲ್ಲ.

"ಬೇಜಾರು ಮಾಡ್ಕೋಬೇಡ ಕಣೇ," ಎನ್ನುತ್ತಿದ್ದಳು. "ಗ್ಯಾಲರೀಲಿ ಕೂತ್ರೇನೇ ನಾವೆಲ್ಲ ಚೆನ್ನಾಗಿ ಕಾಣೋದು."

"ಹೌದು, ದೂರದಿಂದ ಚೆನ್ನಾಗೇ ಕಾಣ್ತೀಯ," ಎನ್ನುತ್ತಿದ್ದಳು ವರ್ಲೀನ್.

ಅವಳ ಗಂಡ ಡಾರ್ಸಿ ದೋಣಿಗಳ ಎಂಜಿನ್ ರಿಪೇರಿ ಮಾಡುವವನು, ಒಳ್ಳೆಯವನು, ಆದರೆ ಡಿಸೆಂಬರಿನಲ್ಲಿ ಅವನ ಒಳ್ಳೆಯತನವೂ ಸಾಲುತ್ತಿರಲಿಲ್ಲ. "ಕಿರೀಟ ಬೀರುವಿನಲ್ಲೇ ಇದೆಯಲ್ಲ," ಎಂದ ಒಮ್ಮೆ. "ಹಾಕ್ಕೊಂಡು ಅಡುಗೆಮನೇಲಿ ಈ ಕಡೆಯಿಂದ ಆ ಕಡೆ ನಡಿ. ನಾನು ಹೆಸರು ಕೂಗ್ತೀನಿ, ಚಪ್ಪಾಳೆನೂ ಹೊಡೀತೀನಿ." ಆ ವಾರವಿಡೀ ಅವನು ತಣ್ಣಗಿನ ಊಟವನ್ನೇ ತಿಂದ.

1998ರಲ್ಲಿ ಐವತ್ತನೆಯ ಪಂದ್ಯ ಬಂತು. ಆಗ ನಮ್ಮ ಬೌಲಿನ ಹೆಸರು ಡ್ರೌಜೀ ಪೆಲಿಕನ್ ಹಾಸಿಗೆ ಕಂಪನಿ ಸತ್ಸುಮಾ ಬೌಲ್ ಎಂದಾಗಿತ್ತು. ಅದಕ್ಕೆ ಮೊದಲು ಟ್ರಾಕ್ಟರ್ ಎಣ್ಣೆಯವರ ಹೆಸರಿತ್ತು. ಬೇಲಿಯ ಬಟ್ಟೆಗಳ ಮೇಲೆ ಹಾಸಿಗೆ ದೊಡ್ಡದು, ಹಣ್ಣು ಚಿಕ್ಕದು. ಸಮಿತಿಗೆ ಹಿರಿಯ ಕಾಲ್ಕಿಟ್‌ರ ಮಗ ಪ್ರೆಂಟಿಸ್ ಹೊಸ ಅಧ್ಯಕ್ಷನಾಗಿದ್ದ. ಚಿಕ್ಕಂದಿನಲ್ಲಿ ವರ್ಲೀನಳ ಬಸ್ಸಿನಲ್ಲೇ ಶಾಲೆಗೆ ಹೋದವನು. ಡಿಸೆಂಬರಿನ ಮೊದಲ ಭಾನುವಾರ ಚರ್ಚಿನಿಂದ ನೇರವಾಗಿ, ಸಮಿತಿಯ ಕಿತ್ತಳೆ ಕೋಟಿನಲ್ಲೇ ಅವಳ ಮನೆಗೆ ಬಂದ.

"ಮಿಸ್ ವರ್ಲೀನ್, ಇದು ಐವತ್ತನೇದು. ಯಾವ ರಾಣೀನೂ ಬಿಡಬಾರದು ಅಂತ ಸಮಿತೀಲಿ ನಾನೇ ಹೇಳ್ದೆ." ಮದುವೆಯಾದ ಹಿರಿಯ ಹೆಂಗಸರನ್ನೂ ನಮ್ಮ ಕಡೆ ಗೌರವಕ್ಕೆ ಮಿಸ್ ಎಂದೇ ಕರೆಯುವುದು.

"ಯಾವ ಸಮಿತಿ? ಫೋನ್ ಮಾಡ್ದಾಗೆಲ್ಲ ಪಂದ್ಯವಿಲ್ಲ, ರಾಣಿಯೂ ಇಲ್ಲ ಅಂತಿತ್ತಲ್ಲ, ಅದೇನಾ?"

"ಅದೇ. ಈಗ ಅಧ್ಯಕ್ಷ ನಾನು."

"ಹಾಗಾದ್ರೆ ಒಳಗೆ ಬಾ. ಕಾಲು ಒರೆಸ್ಕೊಂಡು ಬಾ."

ಎಲ್ಲರಂತೆ ಅವಳಿಗೂ ಪಟ್ಟಿ, ಎಲ್ಲರಂತೆ ಹೆಸರು ಕೂಗುವುದು. ಪ್ರೆಂಟಿಸ್ ಹೇಗೆ ಕೂಗುತ್ತಾರೆಂದೂ ಓದಿ ತೋರಿಸಿದ: 1957ರ ರಾಣಿ, ಕೆಟ್ಟ ಹವಾಮಾನದಿಂದ ಪಂದ್ಯ ರದ್ದಾದ ವರ್ಷ ಕಿರೀಟ ತೊಟ್ಟ ಮಿಸ್ ವರ್ಲೀನ್ ಹ್ಯಾಡ್ಲಿ.

"ಹವಾಮಾನ ಯಾಕೆ?" ಎಂದಳು ಅವಳು.

"ಬೋರ್ಡಲ್ಲಿ ಹಾಗೇ ಇದೆಯಲ್ಲ."

ಅವಳು ಪಟ್ಟಿಯನ್ನು ಕೈಗೆ ತೆಗೆದುಕೊಂಡು ಹೊಲಿಗೆ ನೋಡಿದಳು. ಬೇಕು ಎಂದು ನಲವತ್ತು ವರ್ಷ ಬೇಡಿದ್ದು ಮನೆ ಬಾಗಿಲಿಗೆ ಬಂದಾಗ ಒಂದು ಮಾತಿಗಾಗಿ ಹಿಂದೆ ಕಳಿಸಲು ಯಾರಿಂದಾದೀತು.

ಮರುದಿನ ನಸುಕಿನಲ್ಲಿ ಬಸ್ ನಿಲ್ಲಿಸುವ ಅಂಗಳದಲ್ಲಿ ಅವಳು ಅರ್ಡೆಲ್ಲಾ ಮಿಮ್ಸ್‌ಗೆ ಸುದ್ದಿ ಹೇಳಿದಳು. ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಒಂದೇ ಶಾಲೆಗೆ ಹೋಗಲು ಶುರುವಾದ ವರ್ಷದಿಂದ ಅರ್ಡೆಲ್ಲಾ ಪಕ್ಕದ ಬಸ್ಸು ಓಡಿಸುತ್ತಿದ್ದಳು. ಎಂಜಿನ್ ಬಿಸಿಯಾಗುವ ತನಕ ಇಬ್ಬರೂ ಒಂದು ಬಸ್ಸಿನ ಮೆಟ್ಟಿಲ ಮೇಲೆ ಕೂತು ಒಂದೇ ಫ್ಲಾಸ್ಕಿನ ಕಾಫಿ ಕುಡಿಯುವುದು ಪದ್ಧತಿ. ಒಂದು ದಿನ ಇವಳು ತಂದರೆ ಇನ್ನೊಂದು ದಿನ ಅವಳು.

"ಅಂತೂ ಪಟ್ಟಿ ಬಂತು ಅನ್ನು ರಾಣಿಯಮ್ಮ," ಎಂದಳು ಅರ್ಡೆಲ್ಲಾ. "ನಾವಿನ್ನು ಬಗ್ಗಿ ನಮಸ್ಕಾರ ಮಾಡ್ಬೇಕೋ, ನಿಂತೇ ಮಾಡಿದ್ರೆ ಸಾಕೋ?"

"ನಿನ್ನ ಮೊಣಕಾಲಿಗೆ ನಿಂತೇ ಮಾಡು, ಪರವಾಗಿಲ್ಲ."

"ಏನಂತ ಕೂಗ್ತಾರಂತೆ?"

ವರ್ಲೀನ್ ಹೇಳಿದಳು. ಅರ್ಡೆಲ್ಲಾ ಕಾಫಿ ಸುರಿದುಕೊಂಡಿದ್ದ ಫ್ಲಾಸ್ಕಿನ ಮುಚ್ಚಳವನ್ನು ತುಟಿಯಿಂದ ಕೆಳಗಿಳಿಸಿದಳು.

"ಹವಾಮಾನ."

"ಅನ್ಲಿ ಬಿಡು. ಯಾರಿಗೆ ಗೊತ್ತಿಲ್ಲ? ಆ ಇಬ್ಬರು ಹುಡುಗ್ರು ಬರ್ದೇ ಹೋದ್ರು ಅಂತ ಇಷ್ಟು ವರ್ಷ ಕಾದೋಳು ನಾನು. ಇನ್ನೂ ಕಾಯೋಕೆ ನಂಗಾಗಲ್ಲ."

"ನಾವೂ ಕಾದ್ವಿ," ಎಂದಳು ಅರ್ಡೆಲ್ಲಾ.

"ಯಾರು ನಾವು?"

"ನಮ್ಮ ಮನೆಯೋರು. ಹೋಟ್ಲಲ್ಲಿ ಅವರಿಬ್ಬರನ್ನ ಮಲಗಿಸ್ಕೋತಾರಾ? ಹೊರಗಿಂದ ಬಂದ ಕಪ್ಪು ಜನಕ್ಕೆ ಯಾವಾಗ್ಲೂ ನಮ್ಮ ಕೇರೀಲೇ ಯಾರಾದ್ರೂ ಜಾಗ ಕೊಡ್ಬೇಕಿತ್ತು. ಆ ಸಲ ಪಾದ್ರಿ ನಮ್ಮಮ್ಮನ್ನ ಕೇಳಿದ್ರು. ನಮ್ಮಮ್ಮ ನನ್ನ ಮಂಚ, ನನ್ನ ತಂಗಿ ಮಂಚ ಎರಡನ್ನೂ ಮುಂದಿನ ಕೋಣೆಗೆ ಹಾಕ್ಸಿದ್ಲು. ದುಪ್ಪಟಿ ಇಸ್ತ್ರಿ ಮಾಡಿದ್ಲು. ನಾವಿಬ್ರೂ ನೆಲದ ಮೇಲೆ. ತೆಂಗಿನಕಾಯಿ ಕೇಕು ಮಾಡಿ ಮುಚ್ಚಿಟ್ಟಿದ್ಲು, ಮುಟ್ಟೋ ಹಾಗಿಲ್ಲ. ಕಾಲೇಜಲ್ಲಿ ಓದೋ ನಮ್ಮ ಹುಡುಗ್ರು ಬಿಳೀ ಹುಡುಗ್ರ ಜೊತೆ ಆಡ್ತಾರಂತೆ, ಅದೂ ನಮ್ಮೂರಲ್ಲಿ, ಅಂತ ಅಕ್ಕಪಕ್ಕದೋರೆಲ್ಲ ಬಂದು ಖಾಲಿ ಮಂಚ ನೋಡ್ಕೊಂಡು ಹೋದ್ರು. ಮೆರವಣಿಗೆ ನಡೀತಲ್ಲ, ಹಾಗಾಗಿ ಬರ್ತಾರೆ ಅಂತಲೇ ನಾವು ಅಂದ್ಕೊಂಡ್ವಿ. ನಮಗೆ ಯಾರೂ ಹೇಳ್ಲಿಲ್ಲ. ನಾನು ಶನಿವಾರವೆಲ್ಲ ಕಿಟಕಿ ಬಿಟ್ಟು ಅಲ್ಲಾಡ್ಲಿಲ್ಲ."

"ಆಮೇಲೆ?"

"ಆಮೇಲೇನು. ಭಾನುವಾರ ಕೇಕು ಕೊಯ್ದು ನಾವೇ ತಿಂದ್ವಿ. ನಮ್ಮಮ್ಮ ತಿನ್ಲಿಲ್ಲ."

ವರ್ಲೀನ್ ಬಸ್ಸಿನ ದೀಪಗಳನ್ನು ನೋಡಿದಳು. ನಂತರ ಕೇಳಿದಳು, "ಇಷ್ಟು ವರ್ಷದಲ್ಲಿ ಒಂದ್ಸಲಾನೂ ಹೇಳ್ಲಿಲ್ಲವಲ್ಲೇ ನೀನು?"

"ನೀನು ಬಿಟ್ಟಿದ್ದೆಲ್ಲಿ? ಪ್ರತಿ ಡಿಸೆಂಬರೂ ನಿನ್ನ ಭುಜದ ಸಿಪ್ಪೆ ಎದ್ದ ಕಥೇನೇ ಆಯ್ತು." ಅರ್ಡೆಲ್ಲಾ ಉಳಿದ ಕಾಫಿಯನ್ನು ನೆಲಕ್ಕೆ ಚೆಲ್ಲಿ, ತನ್ನ ಬಸ್ಸಿನ ಕಡೆ ನಡೆದಳು.

ಆ ವಾರ ವರ್ಲೀನ್ ಎರಡು ಸಲ ತನ್ನ ದಾರಿಯನ್ನೇ ತಪ್ಪಿ, ಮಕ್ಕಳನ್ನು ಶಾಲೆಗೆ ತಡವಾಗಿ ತಂದಳು. ಅವಳಿಗೆ ಇಷ್ಟು ವರ್ಷ ಒಂದು ಸಿಟ್ಟಿತ್ತು, ಹಳೆಯ ಚಪ್ಪಲಿಯಂತೆ ಕಾಲಿಗೆ ಒಗ್ಗಿದ್ದ ಸಿಟ್ಟು. ಈಗ ಅದನ್ನು ಮೆಟ್ಟಿಕೊಳ್ಳಲೂ ಆಗುತ್ತಿರಲಿಲ್ಲ, ಬಿಟ್ಟು ನಡೆಯಲೂ ಆಗುತ್ತಿರಲಿಲ್ಲ. ತಾನು ಹಣ್ಣಿನ ಬೋಗುಣಿ ಇಟ್ಟುಕೊಂಡು ಕೂತಿದ್ದ ಅದೇ ಬಿಸಿಲಿನಲ್ಲಿ, ಅದೇ ಹೊತ್ತಿನಲ್ಲಿ, ಊರಿನ ಇನ್ನೊಂದು ಕೊನೆಯಲ್ಲಿ ಒಬ್ಬ ಹುಡುಗಿ ಕಿಟಕಿಯಲ್ಲಿ ಕೂತಿದ್ದಳು. ಅವಳ ಜೊತೆ ಮೂವತ್ತು ವರ್ಷ ಕಾಫಿ ಕುಡಿದೂ ಇದು ಗೊತ್ತಾಗಿರಲಿಲ್ಲ. ಡಾರ್ಸಿಗೆ ಹೇಳಿದಾಗ ಅವನು ತಮಾಷೆ ಮಾಡಲಿಲ್ಲ. ಅದು ಅವಳನ್ನು ಇನ್ನಷ್ಟು ಕೆರಳಿಸಿತು.

ಶುಕ್ರವಾರ ಮಕ್ಕಳನ್ನು ಇಳಿಸಿ, ಬಸ್ಸಿನ ಸಮೇತ ಪ್ರೆಂಟಿಸನ ಕಚೇರಿಗೆ ಹೋದಳು. ಅವನದು ವಿಮೆಯ ವ್ಯಾಪಾರ.

"ನನ್ನ ಹೆಸರು ಕೂಗೋವಾಗ ನಿಜ ಹೇಳಿಸು," ಎಂದಳು. "ಆ ಇಬ್ಬರನ್ನ ಬಿಟ್ಟು ಬನ್ನಿ ಅಂದ್ವಿ, ಅವರು ಬರ್ಲಿಲ್ಲ ಅಂತ. ಎರಡು ವಾಕ್ಯ."

ಪ್ರೆಂಟಿಸ್ ಪೆನ್ನನ್ನು ಮೇಜಿನ ಮೇಲೆ ನೇರ ಮಾಡಿದ. "ಮಿಸ್ ವರ್ಲೀನ್, ಹಾಫ್‌ಟೈಂ ಇರೋದೇ ಚೂರು. ಅದ್ರಲ್ಲಿ ಎರಡು ಬ್ಯಾಂಡು, ಐವತ್ತು ರಾಣೀರು, ಒಂದು ಹಾಸಿಗೆ."

"ಹಾಸಿಗೆನ ಯಾಕೆ ಕರ್ಕೊಂಡ್ಬರ್ತೀರಿ?"

"ಅದೃಷ್ಟದ ಟಿಕೆಟಿನವರಿಗೆ ಕೊಡೋದು. ಮತ್ತೆ ನಮ್ಮಪ್ಪ ಈಗಿಲ್ಲ. ಉತ್ತರ ಕೊಡೋಕೆ ಆಗದೇ ಇರೋರ ಮೇಲೆ ಟೀವೀಲಿ..."

"ನಿಮ್ಮಪ್ಪ ಇದ್ದಾಗ ನಾನು ಕೇಳಿದ್ದೆ. ಆಗ್ಲೂ ಉತ್ತರ ಕೊಡ್ಲಿಲ್ಲ." ಅವಳು ಎದ್ದು ನಿಂತಳು. "ಹೋಗ್ಲಿ, ನಿಜ ಹೇಳೋಕೆ ಬಾಯಿ ಬರಲ್ಲ ಅಂದ್ರೆ ಸುಳ್ಳನ್ನಾದ್ರೂ ಬಿಡು. ವರ್ಷ ಹೇಳು, ಹೆಸರು ಹೇಳು, ಹವಾಮಾನ ಅನ್ನಬೇಡ. ಅಷ್ಟಾದ್ರೂ ಆಗುತ್ತಾ?"

"ಅಷ್ಟು ಮಾಡಿಸ್ತೀನಿ. ನಂಗೆ ಬಿಡಿ."

"ಚಿಕ್ಕೋನಿದ್ದಾಗ್ಲೂ ಹೀಗೇ ಅಂತಿದ್ದೆ ನೀನು. ಬಸ್ಸಲ್ಲಿ ಊಟದ ಡಬ್ಬಿ ಬಿಟ್ಟು ಹೋಗ್ತಿದ್ದೆ."

ಪಂದ್ಯದ ದಿನ ಕೊಲ್ಲಿಯ ಕಡೆಯಿಂದ ಮಳೆ ಬಂತು. ಬೆಳಿಗ್ಗೆ ತುಂತುರು, ಪಂದ್ಯ ಶುರುವಾಗುವ ಹೊತ್ತಿಗೆ ಸುರಿಯುವ ಮಳೆ. ಯಾರೂ ರದ್ದು ಮಾಡಲಿಲ್ಲ. ಟೀವಿಯವರು ಕ್ಯಾಮೆರಾಗಳಿಗೆ ಪ್ಲಾಸ್ಟಿಕ್ ಸುತ್ತಿದರು. ಆಟಗಾರರ ಅಂಗಿಯ ಅಂಕಿಗಳು ಕೆಸರಿನಲ್ಲಿ ಮುಚ್ಚಿಹೋಗಿ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಮೊಟ್ಟೆಯಾಕಾರದ ಆ ಚೆಂಡು ಸೋಪಿನಂತೆ ಎಲ್ಲರ ಕೈಯಿಂದ ಜಾರಿತು. ಆದರೂ ಆಟ ನಡೆಯಿತು, ಜನ ಕೂಗಿದರು. ನಮ್ಮ ಬೌಲಿನ ಚರಿತ್ರೆಯಲ್ಲಿ ಅಷ್ಟು ಕೆಟ್ಟ ಹವಾಮಾನವನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

ಹಾಫ್‌ಟೈಂಗೆ ರಾಣಿಯರು ಕೊಡೆ ಹಿಡಿದು ಮೈದಾನದ ಅಂಚಿನಲ್ಲಿ ವರ್ಷದ ಕ್ರಮದಲ್ಲಿ ನಿಂತರು. ವರ್ಲೀನ್ ಜೋ ನೆಲ್‌ಳ ಹಿಂದೆ ನಿಂತಳು. ಎದೆಯ ಮೇಲಿನ ಪಟ್ಟಿಯ ಬಣ್ಣ ನೆನೆದು ಒಳಗಿನ ಬಿಳಿ ಅಂಗಿಗೆ ಇಳಿಯುತ್ತಿತ್ತು.

"ಕೊನೆಗೂ ಬಂದ್ಯಲ್ಲೇ," ಎಂದಳು ಜೋ ನೆಲ್ ತಿರುಗಿ. ಈ ಸಲ ಅವಳ ದನಿಯಲ್ಲಿ ಕುಹಕವಿರಲಿಲ್ಲ. "ಹುಲ್ಲು ಜಾರುತ್ತೆ, ಹಿಮ್ಮಡಿ ಊರಿ ನಡಿ."

ಜೋ ನೆಲ್‌ಳ ಹೆಸರು ಕೂಗಿದರು. ಅವಳು ಕೈಬೀಸುತ್ತ ನಡೆದಳು. ನಂತರ ಧ್ವನಿವರ್ಧಕ ಒಮ್ಮೆ ಕಿರುಗುಟ್ಟಿ, ಹೇಳಿತು: 1957ರ ರಾಣಿ, ಕೆಟ್ಟ ಹವಾಮಾನದಿಂದ ಪಂದ್ಯ ರದ್ದಾದ ವರ್ಷ ಕಿರೀಟ ತೊಟ್ಟ ಮಿಸ್ ವರ್ಲೀನ್ ಹ್ಯಾಡ್ಲಿ.

ಪ್ರೆಂಟಿಸ್ ಮರೆತನೋ, ಮರೆತವನಂತೆ ಇದ್ದುಬಿಟ್ಟನೋ, ನಮಗೆ ಇಂದಿಗೂ ತಿಳಿಯದು. ಕೊಡೆಗಳ ಮೇಲೆ, ಟೀವಿಯ ಪ್ಲಾಸ್ಟಿಕ್ಕಿನ ಮೇಲೆ, ಸಾವಿರಾರು ಟೋಪಿಗಳ ಮೇಲೆ ಮಳೆ ಬೀಳುತ್ತಿತ್ತು. ಆ ಮಾತು ಕೇಳಿ ಇಡೀ ಕ್ರೀಡಾಂಗಣದಲ್ಲಿ ಒಬ್ಬರೂ ನಗಲಿಲ್ಲ. ಚಪ್ಪಾಳೆ ಹೊಡೆದರು. ತುಂಬ ಹೊಡೆದರು. ಹದಿನೆಂಟನೆಯ ವಯಸ್ಸಿನಿಂದ ಅವಳು ಕಿವಿಯಲ್ಲಿ ಕಟ್ಟಿಕೊಂಡಿದ್ದ ಚಪ್ಪಾಳೆಯೇ ಅದು.

ವರ್ಲೀನ್ ಕಾಲು ಕೀಳಲಿಲ್ಲ.

ಹಿಂದಿದ್ದ 1958ರ ರಾಣಿಯ ಕೊಡೆ ಅವಳ ಬೆನ್ನಿಗೆ ಚುಚ್ಚಿತು. "ನಡೀರಿ, ನಿಮ್ಮನ್ನೇ ಕರೀತಿರೋದು."

"ಗೊತ್ತು," ಎಂದಳು ವರ್ಲೀನ್. ಆಮೇಲೆ ಬಸ್ಸಿನ ಹಿಂದಿನ ಸೀಟಿಗೆ ಕೇಳಿಸುವ ದನಿಯಲ್ಲಿ ಕೂಗಿದಳು, "ಅವತ್ತು ಬಿಸಿಲಿತ್ತು."

ಬ್ಯಾಂಡಿನ ಡೋಲು ಅದೇ ಗಳಿಗೆಗೆ ಶುರುವಾಯಿತು. 1958ರ ರಾಣಿಯ ಹೊರತು ಯಾರಿಗೂ ಕೇಳಿಸಲಿಲ್ಲ, ಅವಳಿಗೂ ಏನೆಂದು ಅರ್ಥವಾಗಲಿಲ್ಲ. ಟೀವಿಯವರು ಜಾಹೀರಾತಿಗೆ ಹೋಗಿದ್ದರು. ಧ್ವನಿವರ್ಧಕ ಮುಂದಿನ ಹೆಸರು ಕೂಗಿತು. ವರ್ಲೀನ್ ಪಟ್ಟಿಯನ್ನು ತಲೆಯ ಮೇಲಿಂದ ತೆಗೆದು ಮಡಿಸಿ, ಸಮಿತಿಯ ಕಿತ್ತಳೆ ಕೋಟಿನ ಒಬ್ಬನ ಕೈಗೆ ಕೊಟ್ಟು, ಸಾಲಿನಿಂದ ಹೊರಗೆ ಬಂದಳು. ಮೈದಾನದ ನಡುವೆ ರಾಣಿಯರ ಸಾಲು ತುಂಬುತ್ತ ಹೋಯಿತು. ಅವಳ ಜಾಗದಲ್ಲಿ ತೆರಪು ಕೂಡ ಉಳಿಯಲಿಲ್ಲ. ಹೆಂಗಸರು ಸ್ವಲ್ಪ ಒತ್ತಿ ನಿಂತರು, ಅಷ್ಟೇ.

ಅವಳು ನೆನೆಯುತ್ತಲೇ ಗ್ಯಾಲರಿಯ ಮೆಟ್ಟಿಲು ಹತ್ತಿದಳು. ಮೇಲಿನ ಸಾಲಿನಲ್ಲಿ ಅರ್ಡೆಲ್ಲಾ ಪ್ಲಾಸ್ಟಿಕ್ ಕೋಟಿನೊಳಗೆ ಕೂತಿದ್ದಳು, ಪಕ್ಕದಲ್ಲಿ ಡಾರ್ಸಿ. ಇಬ್ಬರೂ ಜರುಗಿ ನಡುವೆ ಜಾಗ ಕೊಟ್ಟರು.

"ಬಾಯಿ ಆಡ್ಸಿದ್ದು ಕಾಣ್ತು," ಎಂದಳು ಅರ್ಡೆಲ್ಲಾ. "ಏನಂದೆ?"

"ಅವತ್ತು ಬಿಸಿಲಿತ್ತು ಅಂದೆ."

"ಇಲ್ಲೀವರೆಗೂ ಬರ್ಲಿಲ್ಲ."

"ಎಲ್ಲೀವರೆಗೂ ಹೋಗ್ಲಿಲ್ಲ," ಎಂದಳು ವರ್ಲೀನ್. "ನಲವತ್ತು ವರ್ಷ ಬೇಡಿ ತಗೊಂಡಿದ್ದನ್ನ ವಾಪಸ್ ಕೊಟ್ಟೆ, ಅದೂ ಯಾರಿಗೂ ಗೊತ್ತಾಗ್ಲಿಲ್ಲ."

ಅರ್ಡೆಲ್ಲಾ ಸುತ್ತ ನೋಡಿದಳು. "ಇಲ್ಲಿ ಡೋಲಿಲ್ಲ. ಇನ್ನೊಂದ್ಸಲ ಹೇಳು."

"ಅವತ್ತು ಬಿಸಿಲಿತ್ತು," ಎಂದಳು ವರ್ಲೀನ್, ಅದೇ ಬಸ್ಸಿನ ದನಿಯಲ್ಲಿ.

ಮುಂದಿನ ಸಾಲಿನಲ್ಲಿ ಹಾಸಿಗೆ ಕಂಪನಿಯ ಟೋಪಿ ಹಾಕಿದ್ದ ಗಂಡಸೊಬ್ಬ ತಿರುಗಿದ. ಊರಿಗೆ ಹೊಸಬನಿರಬೇಕು. "ಯಾವತ್ತು ಮೇಡಂ?"

"1957ರಲ್ಲಿ. ಆ ಬೋರ್ಡಲ್ಲಿ ಬರ್ದಿರೋದು ಸುಳ್ಳು. ಉತ್ತರದ ತಂಡದಲ್ಲಿ ಇಬ್ಬರು ಹುಡುಗ್ರಿದ್ರು..." ಎಂದು ಅವಳು ಶುರು ಮಾಡಿದಳು. ಅವನು ತಲೆಯಾಡಿಸುತ್ತ ಕೇಳಿದ. ಪಕ್ಕದ ಹೆಂಗಸೂ ಕಿವಿಗೊಟ್ಟಳು. ಬುಧವಾರ ಬಂದ ಸುದ್ದಿ, ಶುಕ್ರವಾರದ ಮೆರವಣಿಗೆ, ಹಿರಿಯ ಕಾಲ್ಕಿಟ್ ಆಕಾಶ ನೋಡಿದ್ದು. ಅಷ್ಟರಲ್ಲಿ ಕೆಳಗೆ ಸೀಟಿ ಊದಿತು, ತಂಡಗಳು ಇಳಿದವು, ಯಾರೋ ಚೆಂಡನ್ನು ಮಳೆಯೊಳಕ್ಕೆ ಎತ್ತರಕ್ಕೆ ಒದ್ದರು. ಟೋಪಿಯವನು ಆಟದ ಕಡೆ ತಿರುಗಿಬಿಟ್ಟ.

ವರ್ಲೀನ್ ನಿಲ್ಲಿಸಲಿಲ್ಲ. ಅವನ ಬೆನ್ನಿಗೇ ಹೇಳುತ್ತ ಹೋದಳು. ಮುಂದಿನ ಕೋಣೆಯ ಎರಡು ಮಂಚ, ಇಸ್ತ್ರಿ ಮಾಡಿದ ದುಪ್ಪಟಿ, ಕಿಟಕಿಯಲ್ಲಿ ಕೂತ ಹುಡುಗಿ.

"ಕೇಕು ಬಿಟ್ಟೆ," ಎಂದಳು ಅರ್ಡೆಲ್ಲಾ, ಕಣ್ಣು ಮೈದಾನದ ಮೇಲೇ ಇಟ್ಟು.

"ಬರ್ತಿದೀನಿ ತಡಿಯೇ," ಎಂದಳು ವರ್ಲೀನ್. "ಕೇಕಿಗೇ ಬರ್ತಿದೀನಿ."